ಹೊಳೆಯುವ ಔಷಧಿಯ ವಿಳಾಸ

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನಾನಾಗ ರೋಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತಿಂಗಳಿಗೊಮ್ಮೆ ಒಂದು ದಿನಪತ್ರಿಕೆಯ ಪುರವಣಿಗೆ ವಿಜ್ಞಾನದ ಸಣ್ಣ ಲೇಖನವನ್ನೂ ಬರೆಯುತ್ತಿದ್ದೆ. ಗದಗಿನ ಕಾಲೇಜಿನಲ್ಲಿದ್ದ ಗೆಳತಿಯೊಬ್ಬಳು ತಾನು ಓದಿ ಮುಗಿಸಿದ ಇಂಗ್ಲಿಷ್ ಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದಳು. ಅವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಕನ್ನಡದಲ್ಲಿ ಬರೆದು ಅಂಚೆಗೆ ಹಾಕುವುದು ನನ್ನ ಹವ್ಯಾಸ. ಅಚ್ಚಾದ ದಿನ ಪತ್ರಿಕೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ, ಯಾರಿಗಾದರೂ ಕಾಣಲಿ ಎಂದು, ತೆರೆದಿಟ್ಟು ಹೋಗುವಷ್ಟು ಜಂಬ ನನಗಿತ್ತು.

ಒಂದು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಸಿಪಾಯಿ ಬಂದು, "ಅಕ್ಕೋರ, ಗಜೇಂದ್ರಗಡದಿಂದ ಯಾರೋ ಬಂದಾರ್ರಿ. ನಿಮ್ಮನ್ನ ಕೇಳಾಕ್ಹತ್ಯಾರ" ಎಂದ.

ಬೇವಿನ ಗಿಡದ ಕೆಳಗೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ನಿಂತಿದ್ದ. ಬಿಳಿ ಟೊಪ್ಪಿಗೆ, ತೋಳು ಮಡಚಿದ ಅಂಗಿ. ಹುಬ್ಬಿನ ಮೇಲೆ, ಕಿವಿಯ ಹಿಂದೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ತಾನು ಪಿಂಜಾರ, ಗಾದಿ ಮಾಡುವವ ಎಂದು ಹೇಳಿಕೊಂಡ. ಆಮೇಲೆ ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದ. ನನ್ನದೇ ಲೇಖನ. ಎರಡು ತಿಂಗಳ ಹಿಂದಿನದು. ಮಡಿಕೆಗಳಲ್ಲಿ ಹರಿಯಲು ಬಂದಿತ್ತು.

"ಇದನ್ನ ಬರದಾಕಿ ನೀವ ಏನ್ರಿ?"

"ಹೌದ್ರಿ, ನಾನ" ಎಂದೆ. ಗಜೇಂದ್ರಗಡದ ಒಬ್ಬ ಗಾದಿಯವ ನನ್ನ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ! ನನಗೆ ಆದ ಮೊದಲ ಅನುಭವ ಖುಷಿ. ಆ ಖುಷಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಹಂಗಾರ ಈ ಔಷಧ ಎಲ್ಲಿ ಸಿಗತೈತಿ ಹೇಳ್ರಿ. ಪೇಪರಿನವರಿಗೆ ಎರಡು ಸಲ ಕಾರ್ಡ್ ಬರದೆ. ಉತ್ತರ ಇಲ್ಲ. ನಿಮ್ಮ ಹೆಸರಿನ ಕೆಳಗ ರೋಣ ಅಂತ ಇತ್ತು. ಅದಕ್ಕ ಬಂದೀನಿ."

ಲೇಖನ ಹೊಳೆಯುವ ಕಣಗಳ ಬಗ್ಗೆ. ಕೂದಲೆಳೆಯ ಅಗಲದಲ್ಲಿ ಸಾವಿರಾರು ಕೂಡ್ರಬಹುದಾದಷ್ಟು ಸಣ್ಣ ಕಣಗಳು ಅವು. ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಬಗೆಯ ಬೆಳಕು ಬಿದ್ದರೆ ಕೆಂಪಗೋ ಹಸಿರಾಗೋ ಹೊಳೆಯುತ್ತವೆ. ಅವುಗಳ ಮೈಗೆ ಕ್ಯಾನ್ಸರಿನ ಜೀವಕೋಶಕ್ಕೆ ಮಾತ್ರ ಅಂಟುವಂಥ ಲೇಪ ಬಳಿದು ರಕ್ತದಲ್ಲಿ ಬಿಟ್ಟರೆ, ರೋಗ ಎಲ್ಲಿದೆಯೋ ಅಲ್ಲಿ ಹೋಗಿ ಕೂತು ಬೆಳಗುತ್ತವೆ. ವೈದ್ಯರಿಗೆ ರೋಗದ ಜಾಗ ಕಾಣುತ್ತದೆ. ಅದೇ ಕಣದ ಬೆನ್ನಿಗೆ ಔಷಧಿ ಕಟ್ಟಿ ಕಳಿಸಿದರೆ ಕೆಟ್ಟ ಕೋಶ ಮಾತ್ರ ಸಾಯುತ್ತದೆ, ಒಳ್ಳೆಯದಕ್ಕೆ ಏನೂ ಆಗುವುದಿಲ್ಲ. ಇಷ್ಟನ್ನು ನಾನು ಮೂರು ಕಾಲಂ ತುಂಬ ಉತ್ಸಾಹದಿಂದ ಬರೆದಿದ್ದೆ.

"ಯಾರಿಗೆ ಬೇಕಾಗಿತ್ರಿ?" ಎಂದು ಕೇಳಿದೆ.

"ನನ್ನ ಮನಿಯಾಕಿಗೆ. ಎದಿಯಾಗ ಗಡ್ಡಿ ಆಗೇತಿ. ಹುಬ್ಬಳ್ಳಿ ದವಾಖಾನ್ಯಾಗ ಸೂಜಿ ಹಾಕಿ ನೋಡಿದ್ರು. ಅದ ಅಂದ್ರು. ಲಗೂ ಆಪರೇಶನ್ ಆಗಬೇಕು ಅಂತ ತಾರೀಖೂ ಕೊಟ್ಟಿದ್ರು. ಅದ ವಾರ ನಿಮ್ಮ ಪೇಪರ್ ಬಂತು. ನಾನ ಓದಿ ಹೇಳಿದೆ. ಕೇಳಿ ಅಕಿ, ಕತ್ತರಿ ಬ್ಯಾಡ, ಈ ಹೊಳಿಯೋ ಔಷಧನ ತರಸ್ರಿ, ಅಲ್ಲೀತನಕ ನಾ ಎಲ್ಲೂ ಬರಂಗಿಲ್ಲ ಅಂತ ಕುಂತಾಳ."

ಎರಡು ತಿಂಗಳು!

"ಅಣ್ಣಾರ, ಅದು ಇನ್ನೂ ಔಷಧ ಆಗಿಲ್ರಿ. ಪ್ರಯೋಗಶಾಲ್ಯಾಗ ಇಲಿಗಳ ಮ್ಯಾಲ ನೋಡಾಕ್ಹತ್ಯಾರ ಅಷ್ಟ. ಮನುಷ್ಯಾರಿಗೆ ಬರಬೇಕಂದ್ರ ಎಷ್ಟು ವರ್ಷ ಬೇಕೋ ಯಾರಿಗೂ ಗೊತ್ತಿಲ್ಲ."

ಅವನು ಕಾಗದವನ್ನೂ ನನ್ನ ಮುಖವನ್ನೂ ನೋಡಿದ. "ಇದರಾಗ ಹಂಗ ಇಲ್ಲಲ್ರಿ" ಎಂದ. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಾಗಿದ್ದನ್ನು ತೋರಿಸುವ ವಿದ್ಯಾರ್ಥಿಯಂತೆ ಕೇಳಿದ.

"ನಾ ಬರದಿದ್ದೆ. ಪೇಪರಿನವರು ಜಾಗ ಇಲ್ಲ ಅಂತ ಕಡೀಗಿಂದು ತಗದಿರಬೇಕು" ಎಂದೆ.

"ಆಗಿರಬೇಕು ಬಿಡ್ರಿ. ಆದ್ರ ನಾ ಹೋಗಿ ಹೇಳಿದ್ರ ಅಕಿ ನಂಬಂಗಿಲ್ಲ. ನಾನ ಓದಿ ಹೇಳಿದಾಂವ, ಈಗ ನಾನ ಸುಳ್ಳು ಅಂದ್ರ? ಬರದಾಕಿ ನೀವು. ನೀವ ಬಂದು ಹೇಳ್ರಿ."

ನಾಳೆಯ ಭಾನುವಾರ ಆಗದು, ಅದರ ಮುಂದಿನ ಭಾನುವಾರ ಬರುತ್ತೇನೆ ಎಂದು ಅವನನ್ನು ಬಸ್ಸಿಗೆ ಕಳಿಸಿದೆ. ಮನೆಗೆ ಬಂದವಳು ಊಟಕ್ಕೂ ಕೂಡದೆ ಟ್ರಂಕಿನಲ್ಲಿಟ್ಟಿದ್ದ ಕರಡು ಪ್ರತಿಗಳನ್ನು ತೆಗೆದು ಹುಡುಕಿದೆ. ಸಿಕ್ಕಿತು. ಕೊನೆಯ ಸಾಲು ಹೀಗಿತ್ತು: "ಕತ್ತರಿಯ ಹಂಗಿಲ್ಲದೆ ಕ್ಯಾನ್ಸರ್ ಗೆಲ್ಲುವ ದಿನ ಹೊಸ್ತಿಲಲ್ಲೇ ನಿಂತಿದೆ." ಅದರ ಹಿಂದೆ ಮುಂದೆ ಇಲಿಯ ಮಾತು ಎಲ್ಲೂ ಇರಲಿಲ್ಲ. ಪತ್ರಿಕೆಯವರು ಒಂದು ಅಕ್ಷರವನ್ನೂ ತೆಗೆದಿರಲಿಲ್ಲ. ಇಂಗ್ಲಿಷ್ ಲೇಖನದಲ್ಲಿ ಇಲಿಯ ಬಗ್ಗೆ, ಆ ಕಣಗಳು ವಿಷವಾಗಬಹುದಾದ ಬಗ್ಗೆ ಇಡೀ ಒಂದು ಪುಟವಿತ್ತು. ಓದುವವರಿಗೆ ಬೇಸರವಾದೀತೆಂದು ನಾನೇ ಬಿಟ್ಟಿದ್ದೆ.

ಆ ವಾರವೆಲ್ಲ ತರಗತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಬರಿಗೈಯಲ್ಲಿ ಹೋಗಿ ಹೇಗೆ ಹೇಳಲಿ ಎನಿಸಿ, ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಇಂಟರ್‌ನೆಟ್ ಅಂಗಡಿಗೆ ಹೋದೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಂಥದೇ ಕಣಗಳ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ವಿಜ್ಞಾನಿಯ ಇಮೇಲ್ ವಿಳಾಸ ಸಿಕ್ಕಿತು. ಗುರುತಿಲ್ಲ ಪರಿಚಯವಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೂರನೆಯ ದಿನ ಹೋಗಿ ನೋಡಿದರೆ ಉತ್ತರ ಬಂದಿತ್ತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದ್ದರು. ನಾನು ಅದನ್ನು ಕನ್ನಡದ ಅಕ್ಷರಗಳಲ್ಲಿ ನೋಟ್‌ಬುಕ್ಕಿನ ಹಾಳೆಯ ಮೇಲೆ ಬರೆದುಕೊಂಡೆ.

ಭಾನುವಾರ ಬೆಳಗಿನ ಬಸ್ಸಿಗೆ ಗಜೇಂದ್ರಗಡಕ್ಕೆ ಹೋದೆ. ಗಾದಿಯವ ನಿಲ್ದಾಣದಲ್ಲೇ ಕಾಯುತ್ತಿದ್ದ. ಮಗ್ಗದ ಸಪ್ಪಳ ಕೇಳುವ ಎರಡು ಓಣಿ ದಾಟಿ ಅವನ ಮನೆ. ಹೊರಗಿನ ಕೋಣೆಯ ತುಂಬ ಅರಳೆ. ಒಳಗೆ ಕಿಟಕಿಯ ಬೆಳಕಿನಲ್ಲಿ ಅವನ ಹೆಂಡತಿ ಕೌದಿ ಹೊಲಿಯುತ್ತ ಕೂತಿದ್ದಳು. ನಲವತ್ತೈದು ಇರಬಹುದು, ನನಗಿಂತ ಹತ್ತು ವರ್ಷ ದೊಡ್ಡವಳು. ಹಳೆಯ ಸೀರೆಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಗೆರೆ ಎಳೆದ ಹಾಗೆ ನೇರವಾದ ಹೊಲಿಗೆ. ಊರಿನಲ್ಲಿ ಬಸುರಿ ಬಾಣಂತಿಯರ ಮನೆಗೆಲ್ಲ ಇವಳದೇ ಕೌದಿ ಎಂದು ಗಂಡ ಹೇಳಿದ.

"ಬರ್ರಿ ಅಕ್ಕೋರ, ಕುಂದರ್ರಿ. ಚಾ ಕುಡೀರಿ ಮೊದಲ" ಎಂದಳು. ಎದ್ದು ತಾನೇ ಚಹಾ ಮಾಡಿ ತಂದಳು. ಕಪ್ಪು ಬಸಿ ಕೊಡುವಾಗ ಕೇಳಿದಳು, "ವಿಳಾಸ ತಂದೀರೇನ್ರಿ?"

"ವಿಳಾಸ ಇಲ್ಲಕ್ಕಾ. ಆ ಔಷಧ ಎಲ್ಲೂ ಇಲ್ಲ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ನಾನು ನೋಟ್‌ಬುಕ್ಕಿನ ಹಾಳೆ ತೆಗೆದು ಬೆಂಗಳೂರಿನ ವಿಜ್ಞಾನಿಯ ಉತ್ತರ ಓದಿದೆ. ನಾವು ಮಾಡುತ್ತಿರುವುದು ಗಾಜಿನ ಕೊಳವೆಯಲ್ಲಿ ಮತ್ತು ಇಲಿಗಳಲ್ಲಿ. ಮನುಷ್ಯರಿಗೆ ಕೊಡುವಂಥದ್ದು ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ, ಈಗ ಹೇಳಲಾರೆ. ಆ ತಾಯಿಯ ಜಾಗದಲ್ಲಿ ನನ್ನ ತಾಯಿ ಇದ್ದರೆ ನಾನು ಒಂದು ದಿನವೂ ಕಾಯುತ್ತಿರಲಿಲ್ಲ, ನಾಳೆಯೇ ಆಪರೇಶನ್ನಿಗೆ ಕರೆದೊಯ್ಯುತ್ತಿದ್ದೆ. ಇಷ್ಟೇ ಇತ್ತು.

ಅವಳು, "ಆ ಇಲಿ ಬದುಕಿದ್ವೇನ್ರಿ?" ಎಂದಳು.

"ಕೆಲವು ಬದುಕ್ಯಾವಂತ. ಕೆಲವು ಇಲ್ಲ."

"ಪಾಪ" ಎಂದಳು. ಆಮೇಲೆ ನಕ್ಕಳು. ಅವಳು ನಕ್ಕದ್ದರಿಂದ ನನಗೆ ಧೈರ್ಯ ಬಂತು.

"ಅಕ್ಕಾ, ಮತ್ತೊಂದು ಹೇಳಬೇಕು. ಪೇಪರಿನವರು ತಗದಾರ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆ. ಅದು ಖರೇ ಅಲ್ಲ. ನಾನ ಬರದಿರಲಿಲ್ಲ. ಛಂದ ಕಾಣಲಿ ಅಂತ ಬಿಟ್ಟಿದ್ದೆ. ತಪ್ಪು ನಂದು."

ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನಿಗೆ, "ನೀವು ಒಂದೀಟು ಹೊರಗ ಹೋಗ್ರಿ, ನಾವು ಹೆಂಗಸರು ಮಾತಾಡತೀವಿ" ಎಂದಳು.

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ ನನ್ನ ಪಕ್ಕದಲ್ಲಿ ಬಂದು ಕೂತಳು. "ನಿಮ್ಮ ಪೇಪರ್ ಬರಲಿಲ್ಲ ಅಂದ್ರೂ ನಾ ಹೋಗತಿರಲಿಲ್ರಿ ಅಕ್ಕೋರ. ಅದೊಂದು ನೆವ ಸಿಕ್ತು ಅಷ್ಟ. ಗಡ್ಡಿ ಬಲಗಡೆ ಐತಿ. ನರಗುಂದದಾಗ ನಮ್ಮ ಅತ್ತಿಗಿದೂ ಹಿಂಗ ಆಗಿತ್ತು. ಬಗಲಾಗಿಂದೂ ತಗದ್ರು. ಆಮ್ಯಾಲ ಕೈ ಬಾತು ಕಂಬ ಆತು. ಒಂದು ತಂಬಗಿ ಎತ್ತಾಕ ಬರತಿರಲಿಲ್ಲ ಅಕಿಗೆ. ಮೂಲ್ಯಾಗ ಕುಂತ ಸತ್ಲು." ತನ್ನ ಬಲಗೈಯನ್ನು ತೊಡೆಯ ಮೇಲೆ ಚಾಚಿ ಬೆರಳು ಬಿಡಿಸಿ ನೋಡಿದಳು. "ಈ ಕೈ ಇಲ್ಲಂದ್ರ ನಾ ಯಾರ್ರಿ? ಸಾಯೂದು ಸಾಯೂದ ಐತಿ. ಹೊಲಕೋತ ಸಾಯತೀನಿ ಅಂತ ಅಂದ್ಕೊಂಡಿದ್ದೆ. ಅವರ ಮುಂದ ಹಿಂಗಂದ್ರ ಅಳತಾರ. ಅದಕ್ಕ ಹೊಳಿಯೋ ಔಷಧ ತರಸ್ರಿ ಅಂದೆ."

ನಾನು ಇದ್ದದ್ದನ್ನೇ ಹೇಳಿದೆ. "ನನಗ ಗೊತ್ತಿಲ್ಲಕ್ಕಾ. ಕೈ ಬಾಯತೈತೋ ಇಲ್ಲೋ ಡಾಕ್ಟರರನ್ನ ಕೇಳಬೇಕು. ಕೇಳಾಕ ಅಂತಾದ್ರೂ ಹೋಗೂಣ. ಆಪರೇಶನ್ ಮಾಡಸ್ಕೊಳ್ಳೂದು ಬಿಡೂದು ಆಮ್ಯಾಲ."

"ನೀವು ಬರತೀರೇನು?"

"ಬರತೀನಿ."

"ಹಂಗಾರ ಕೇಳಾಕ ಅಷ್ಟ" ಎಂದಳು.

ಬುಧವಾರ ನಾನು ರಜೆ ಹಾಕಿದೆ. ಗಂಡಹೆಂಡತಿ ಗಜೇಂದ್ರಗಡದಿಂದ ಬಂದ ಬಸ್ಸಿಗೆ ನಾನು ರೋಣದಲ್ಲಿ ಹತ್ತಿದೆ. ಯಾವಗಲ್ ಊರಿನಲ್ಲಿ ಬಸ್ಸು ನಿಂತಾಗ ಒಬ್ಬಳು ಹೆಂಗಸು ಎರಡು ಕೋಳಿ ಹಿಡಿದು ಹತ್ತಿ ಗಾದಿಯವನ ಹೆಂಡತಿಯ ಕಾಲ ಹತ್ತಿರವೇ ಇಟ್ಟಳು. ನರಗುಂದದವರೆಗೂ ಇವಳು ಆ ಹೆಂಗಸಿನೊಡನೆ ಕೋಳಿಗೆ ಬಂದ ಬೇನೆಯ ಬಗ್ಗೆ ಮಾತಾಡಿದಳು. ನರಗುಂದದ ಗುಡ್ಡ ಕಂಡಾಗ ಮಾತ್ರ ಮಾತು ನಿಲ್ಲಿಸಿ ಕಿಟಕಿಯತ್ತ ಮುಖ ಮಾಡಿದಳು. ಆ ಊರಿನಲ್ಲೇ ಅತ್ತಿಗೆ ತೀರಿದ್ದು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರರು ಫೈಲು ತೆರೆದು ತಾರೀಖು ನೋಡಿ, "ಎರಡು ತಿಂಗಳ ಮ್ಯಾಲಾತು. ಎಲ್ಲಿ ಹೋಗಿದ್ರಿ?" ಎಂದು ಗದರಿದರು. ಗಂಡ ನನ್ನತ್ತ ನೋಡಲಿಲ್ಲ. ನಾನೇ ಹೇಳಿದೆ. ಲೇಖನದ ಸಂಗತಿಯನ್ನು ಪೂರ್ತಿ ಹೇಳಿ ಮುಗಿಸಿದೆ. ಡಾಕ್ಟರರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವೂ ಅದರ ಬಗ್ಗೆ ಓದತೀವ್ರಿ. ಬಂದ್ರ ಭಾಳ ಚಲೋ. ಗಡ್ಡಿಯ ಅಂಚು ಎಲ್ಲಿ ಮುಗೀತು ಅಂತ ನಮಗ ಈಗ ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಅಂದಾಜು ಮಾಡಬೇಕು. ಅದು ಹೊಳದು ತೋರಿಸಿದ್ರ ಯಾವ ಡಾಕ್ಟರಿಗೆ ಬ್ಯಾಡ? ಆದ್ರ ಬರೂತನಕ ಗಡ್ಡಿ ಕಾಯಂಗಿಲ್ಲ."

ಅವಳು ಕೇಳಬೇಕಾದ್ದನ್ನು ತಾನೇ ಕೇಳಿದಳು. "ಕೈ ಬಾಯತೈತೇನ್ರಿ ಸಾಹೇಬ್ರ?"

"ಬಾಯಬಹುದು. ಬಾಯದೇನೂ ಇರಬಹುದು. ಬಾತ್ರೂ ತಡಿಯೂ ಉಪಾಯ ಅದಾವು. ವ್ಯಾಯಾಮ ಹೇಳಿ ಕೊಡತಾರ, ದಿನಾ ಮಾಡಬೇಕು. ಆ ಕೈಗೆ ಸೂಜಿ ಚುಚ್ಚಬಾರದು, ಗಾಯ ಆಗಬಾರದು."

"ನಾ ಸೂಜೀಲೆನ ಬದಕಾಕಿ ರೀ" ಎಂದಳು.

"ಅಂಗುಸ್ತಾನ ಹಾಕ್ಕೊಳ್ರಿ" ಎಂದರು ಡಾಕ್ಟರರು. ಹೊಲಿಯುವವರು ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೊಪ್ಪಿಗೆ ಅದು. ಅವಳು ಅದನ್ನು ಎಂದೂ ಹಾಕಿಕೊಂಡವಳಲ್ಲ. ಹೊಸದಾಗಿ ಹೊಲಿಗೆ ಕಲಿಯುವವರು ಹಾಕಿಕೊಳ್ಳುವುದು ಅಂತ ಅವಳ ಅಭಿಪ್ರಾಯ. ಆದರೂ ಡಾಕ್ಟರರಿಗೆ ಅದರ ಹೆಸರು ಗೊತ್ತಿದ್ದದ್ದು ಅವಳಿಗೆ ಹಿಡಿಸಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಈ ಮನಷ್ಯಾನ ತಾಯಿ ಕೌದಿ ಹೊಲಿತಿದ್ದಳು ಕಾಣತೈತಿ" ಎಂದಳು. ಆಮೇಲೆ ಗಂಡನಿಗೆ, "ಮನಿಗೆ ಹೋಗಿ ನನ್ನ ಹಾಸಗಿ ತಗೊಂಡು ಬರ್ರಿ. ಇಲ್ಲೀ ಗಾದಿ ಚಲೋ ಇಲ್ಲ" ಎಂದಳು. ಹಾಗೆ ಅವಳು ಒಪ್ಪಿದಳು.

ಆಪರೇಶನ್ ಶುಕ್ರವಾರ ಮಧ್ಯಾಹ್ನ ಆಯಿತು. ನಾನು ಗುರುವಾರ ಶಾಲೆಗೆ ಹೋಗಿ ಮತ್ತೆ ಬಂದಿದ್ದೆ. ಗಾದಿಯವ ಹೊರಗಿನ ಕಟ್ಟೆಯ ಮೇಲೆ ನಮಾಜು ಮುಗಿಸಿ ಬಂದು ನನ್ನ ಹತ್ತಿರ ಕೂತ. "ಅಕ್ಕೋರ, ನಿಮ್ಮ ಮ್ಯಾಲ ನನಗ ಭಾಳ ಸಿಟ್ಟು ಬಂದಿತ್ರಿ. ನೀವು ತಪ್ಪು ನಂದು ಅಂದ್ರಲ್ಲ, ಆವತ್ತ" ಎಂದ.

"ಬರಬೇಕಾದ್ದ" ಎಂದೆ.

"ಈಗ ಇಲ್ರಿ. ಹೇಳಬೇಕಂತ ಹೇಳಿದೆ."

ಒಳಗಿನಿಂದ ನರ್ಸ್ ಬಂದು ಎಲ್ಲ ಸರಿಯಾಯಿತು ಎಂದಾಗ ಅವನು ನನಗೆ ಕೈ ಮುಗಿಯಹೋದ. ನಾನು ಅವನಿಗೆ ಮುಗಿದೆ.

ಬಗಲಿನ ಗಂಟುಗಳಲ್ಲಿ ಕೆಲವಕ್ಕೆ ರೋಗ ಹಬ್ಬಿತ್ತು. ಎರಡು ತಿಂಗಳ ಹಿಂದೆ ಅಲ್ಲಿ ಇರಲಿಲ್ಲವೇ ಎಂದು ಡಾಕ್ಟರರನ್ನು ಒಬ್ಬಳೇ ಕಂಡು ಕೇಳಿದೆ. "ಇತ್ತೋ ಇಲ್ಲೋ ಯಾರಿಗೂ ಹೇಳಾಕ ಬರಂಗಿಲ್ಲ. ಆ ಪ್ರಶ್ನಿ ಬಿಡ್ರಿ" ಎಂದರು. ನಾನು ಬಿಟ್ಟಿಲ್ಲ. ಈಗಲೂ ಬಿಟ್ಟಿಲ್ಲ.

ಮುಂದಿನ ಆರು ತಿಂಗಳು ಅವಳ ಪಾಲಿಗೆ ಕಠಿಣವಾಗಿದ್ದವು. ಮೂರು ವಾರಕ್ಕೊಮ್ಮೆ ರಕ್ತಕ್ಕೆ ಔಷಧಿ ಬಿಡುತ್ತಿದ್ದರು, ಎಡಗೈಗೆ. ನಾನು ಬರೆದ ಔಷಧಿಗೆ ದಾರಿ ಗೊತ್ತಿತ್ತು. ಇದಕ್ಕೆ ಗೊತ್ತಿರಲಿಲ್ಲ. ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಸುಡುತ್ತಿತ್ತು. ಮೊದಲು ಕೂದಲು ಹೋಯಿತು. ಆಮೇಲೆ ಬಾಯಿತುಂಬ ಹುಣ್ಣಾಗಿ ಖಾರ ಮುಟ್ಟದಂತಾಯಿತು. ನಾನು ಎರಡು ಮೂರು ಭಾನುವಾರಕ್ಕೊಮ್ಮೆ ಗಂಜಿಯನ್ನೋ ಮಜ್ಜಿಗೆಯನ್ನೋ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಸಲ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಾತಾಡಿಸಿದರೆ ಓ ಎನ್ನಲಿಲ್ಲ. ನಾನು ಅಲ್ಲೇ ಬಿದ್ದಿದ್ದ ಅರ್ಧ ಹೊಲಿದ ಕೌದಿ ಎತ್ತಿಕೊಂಡು ಸೂಜಿಗೆ ದಾರ ಪೋಣಿಸಿ ಹೊಲಿಯತೊಡಗಿದೆ. ಹತ್ತು ನಿಮಿಷವಾಗಿರಬೇಕು.

"ಏನ್ ಹೊಲೀತೀರಿ, ಎತ್ತು ಉಚ್ಚಿ ಹೊಯ್ದಂಗ" ಎಂದು ಎದ್ದು ಕೂತಳು. ನನ್ನ ಕೈಯಿಂದ ಕಿತ್ತುಕೊಂಡು ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಬಿಚ್ಚುವಷ್ಟಕ್ಕೇ ದಣಿವಾಯಿತು. ಆದರೂ ಆ ದಿನ ಒಂದು ಬಟ್ಟಲು ಅಂಬಲಿ ಕುಡಿದಳು.

ಔಷಧಿ ಬಿಡುವುದು ಮುಗಿದ ಮೇಲೆ ಡಾಕ್ಟರರು ಒಂದು ಮಾತ್ರೆ ಬರೆದುಕೊಟ್ಟರು. ತೆಗೆದ ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದ್ದರಂತೆ. ಅವಳ ಗಡ್ಡೆಯ ಕೋಶಗಳಲ್ಲಿ ಕೀಲಿಯ ರಂಧ್ರದಂಥದ್ದೊಂದು ಇದೆ, ಹೆಂಗಸರ ಮೈಯಲ್ಲಿನ ರಸ ಅದರಲ್ಲಿ ಹೋಗಿ ಕೂತರೆ ರೋಗ ಬೆಳೆಯುತ್ತದೆ, ಈ ಮಾತ್ರೆ ಮೊದಲೇ ಹೋಗಿ ಅಲ್ಲಿ ಕೂತುಬಿಡುತ್ತದೆ ಎಂದು ವಿವರಿಸಿದರು. ಐದು ವರ್ಷ, ದಿನಕ್ಕೊಂದು. ಬಿಡುವ ಹಾಗಿಲ್ಲ.

ಅವಳು ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕೇಳಿದಳು. "ಇದು ತನ್ನ ಜಾಗ ತಾನ ಹುಡುಕ್ಕೊಂಡು ಹೋಗತೈತೇನ್ರಿ, ನೀವು ಬರದಂಗ?"

"ಹಂಗ ಅನ್ನಬೇಕು. ಹೊಳಿಯಂಗಿಲ್ಲ ಅಷ್ಟ. ಭಾಳ ಹಳೇ ಔಷಧ."

"ಹೊಳದು ಯಾರಿಗೆ ತೋರಸಬೇಕಾಗೇತಿ" ಎಂದು ಬಾಯಿಗೆ ಹಾಕಿಕೊಂಡಳು.

ಆ ವರ್ಷ ನಾನು ಇನ್ನೊಂದು ಲೇಖನ ಬರೆದೆ. ಹೊಳೆಯುವ ಕಣಗಳು ಎಲ್ಲಿವರೆಗೆ ಬಂದಿವೆ, ಇನ್ನೂ ಏನೇನು ಗೊತ್ತಿಲ್ಲ, ಗಡ್ಡೆ ಕಂಡವರು ಈಗ ಏನು ಮಾಡಬೇಕು ಎಂಬುದನ್ನೆಲ್ಲ ಬರೆದು, ಹಿಂದಿನ ಲೇಖನದಲ್ಲಿ ನಾನು ಬಿಟ್ಟದ್ದನ್ನೂ ಹೇಳಿದ್ದೆ. ಪತ್ರಿಕೆಯವರು ಅದನ್ನು ಒಂದು ಮೂಲೆಯಲ್ಲಿ ಹಾಕಿದರು. ಅದನ್ನು ಕತ್ತರಿಸಿ ಇಟ್ಟುಕೊಂಡವರು ಯಾರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ.

ಅವಳ ಕೈ ಬಾತಿತು. ಅವಳು ಹೆದರಿದಷ್ಟಲ್ಲ, ಆದರೂ ಮುಂಗೈಯವರೆಗೆ ಊದಿ ಬಳೆ ಏರದಂತಾಯಿತು. ದಿನಾ ಬೆಳಿಗ್ಗೆ ಗೋಡೆಗೆ ಬೆರಳು ಹಚ್ಚಿ ಒಂದೊಂದೇ ಅಂಗುಲ ಮೇಲೆ ಏರಿಸುವ ವ್ಯಾಯಾಮ ಮಾಡುತ್ತಿದ್ದಳು. ಸುಣ್ಣದ ಗೋಡೆಯ ಮೇಲೆ ಎಲ್ಲಿಗೆ ಮುಟ್ಟಿದಳೋ ಅಲ್ಲಿ ಮಸಿಯಿಂದ ಗೆರೆ. ಅಂಗುಸ್ತಾನ ಹಾಕಿಕೊಂಡು, ಬೈದುಕೊಳ್ಳುತ್ತ, ತಿಂಗಳಿಗೆ ನಾಲ್ಕರ ಬದಲು ಒಂದು ಕೌದಿ ಹೊಲಿದಳು. ಹೊಲಿಗೆ ಮೊದಲಿನಷ್ಟು ಸಣ್ಣದಿರಲಿಲ್ಲ. ಅದನ್ನು ಯಾರಾದರೂ ಗಮನಿಸಿದರೋ ಇಲ್ಲವೋ, ಅವಳಂತೂ ಪ್ರತಿ ಸಲ ಕೌದಿ ಕೊಡುವಾಗ ತಾನೇ ಹೇಳಿಬಿಡುತ್ತಿದ್ದಳು.

ಐದು ವರ್ಷ ಮುಗಿದು ಮಾತ್ರೆ ನಿಲ್ಲಿಸಿದರು. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಅದಾಗಿ ಕೆಲವು ತಿಂಗಳಿಗೆ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ನಮ್ಮ ಮನೆ ಬಾಗಿಲಲ್ಲಿ ಅವಳು ನಿಂತಿದ್ದಳು. ಜೊತೆಗೆ ಪುರ್ತಗೇರಿ ಎಂಬ ಹಳ್ಳಿಯ ರೈತರ ಮನೆಯ ಒಬ್ಬ ಹೆಣ್ಣುಮಗಳು. ಮೂವತ್ತೈದರ ಒಳಗಿನವಳು. ಸೆರಗನ್ನು ಎದೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

"ಹುಬ್ಬಳ್ಳಿ ಬಸ್ಸಿಗೆ ಇನ್ನೂ ವ್ಯಾಳ್ಯಾ ಐತಿ. ಅದಕ್ಕ ನಿಮ್ಮ ಮನ್ಯಾಗ ನೀರು ಕುಡಿಸಿಕೊಂಡು ಹೋಗೂಣ ಅಂತ ಕರಕೊಂಡು ಬಂದೆ" ಎಂದಳು. "ಕೌದಿ ತಗೊಳ್ಳಾಕ ಬಂದಿದ್ದಳು. ನಂದೂ ಹಿಂಗ ಐತಿ ಅಂತ ಮೆಲ್ಲಕ ಹೇಳಿದ್ಲು. ಮನ್ಯಾಗ ಯಾರಿಗೂ ಹೇಳಿಲ್ಲಂತ."

ನಾನು ಆ ಹೆಣ್ಣುಮಗಳಿಗೆ ನೀರು ಕೊಟ್ಟೆ. ಅವಳು ಕುಡಿಯದೆ ಕೈಯಲ್ಲಿ ಹಿಡಿದು, "ಕತ್ತರಸೂದು ಬಿಟ್ಟು ಬ್ಯಾರೆ ಏನೂ ಇಲ್ಲೇನ್ರಿ ಅಕ್ಕೋರ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು. "ಅದನ್ನ ಡಾಕ್ಟರರನ್ನ ಕೇಳು. ಮೊದಲ ನೋಡಸೂಣ. ಗಡ್ಡಿ ಅಂದಕೂಡಲೆ ಎಲ್ಲಾ ಅದ ಇರಂಗಿಲ್ಲ ತಂಗಿ. ನೀರು ಕುಡಿ, ಬಸ್ಸು ಬರತೈತಿ."

ಹೆಣ್ಣುಮಗಳು ಕುಡಿದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನನಗೂ ಹೋಗಬೇಕೆನಿಸಿ, ಹೆಡ್‌ಮಾಸ್ತರರಿಗೆ ರಜೆ ಚೀಟಿ ಬರೆದು ಪಕ್ಕದ ಮನೆಯವರ ಕೈಗೆ ಕೊಟ್ಟು ಲಗುಬಗೆಯಿಂದ ಹಿಂದೆ ಹೋದೆ. ಬಸ್ಸು ಹೊರಡುವ ಹೊತ್ತಿಗೆ ಸಿಕ್ಕರು. ಮೂವರ ಸೀಟಿನಲ್ಲಿ ಕಿಟಕಿಯ ಪಕ್ಕ ಆ ಹೆಣ್ಣುಮಗಳನ್ನು ಕೂಡ್ರಿಸಿ, ಇವಳು ನಡುವೆ ಕೂತು, ಅಂಚಿನಲ್ಲಿ ನನಗೆ ಜಾಗ ಮಾಡಿಕೊಟ್ಟಳು.